ಒಬ್ಬನೇ ಗುರು, ಒಂದರಂತಿಲ್ಲದ ಕಂಠಗಳು: ಸವಾಯಿ ಗಂಧರ್ವರು ಕಲಿಸಿದ ಬಗೆ

ಹುಬ್ಬಳ್ಳಿ: ಗಂಗೂಬಾಯಿ ಹಾನಗಲ್ಲರ ದನಿ ಗಡುಸು, ಕಣ್ಣು ಮುಚ್ಚಿ ಕೇಳಿದವರು ಗಂಡಸರು ಹಾಡುತ್ತಿದ್ದಾರೆಂದೇ ತಿಳಿಯುತ್ತಿದ್ದರು. ಭೀಮಸೇನ ಜೋಶಿಯವರದು ಮೋಡ ಗುಡುಗಿದಂತೆ ಏರಿ ಇಳಿಯುವ ಗಾಯನ. ಮುಂಬಯಿಯ ಫಿರೋಜ್ ದಸ್ತೂರ ಅವರದು ನಯ, ಮೆಲುಪು. ಬಸವರಾಜ ರಾಜಗುರು ಅವರದು ಖಯಾಲಿನಿಂದ ವಚನದವರೆಗೆ ಸಲೀಸಾಗಿ ಹರಿಯುವ ಚುರುಕು ಕಂಠ. ಈ ನಾಲ್ವರೂ ಕುಂದಗೋಳದ ಒಬ್ಬನೇ ಗುರುವಿನಿಂದ ಪಾಠ ಹೇಳಿಸಿಕೊಂಡವರು. ಆದರೆ ಒಬ್ಬರ ಗಾಯನ ಇನ್ನೊಬ್ಬರದರಂತಿಲ್ಲ, ಯಾರದೂ ಗುರುವಿನದರಂತೆಯೂ ಇಲ್ಲ.

ಗುರುವಿನ ಗಾಯನದ ಪಡಿಯಚ್ಚಾಗುವುದೇ ಶಿಷ್ಯನ ಸಾಧನೆ ಎಂದು ಭಾವಿಸಲಾಗಿದ್ದ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು? ರಾಮಚಂದ್ರ ಗಣೇಶ ಕುಂದಗೋಳಕರ, ಅಂದರೆ ಸಂಗೀತ ಲೋಕದ ಸವಾಯಿ ಗಂಧರ್ವರು, ಈ ಕುರಿತು ಪುಸ್ತಕ ಬರೆದವರಲ್ಲ. ಸಂಗೀತ ಶಾಲೆ ತೆರೆದು ಹೆಸರಾದವರಲ್ಲ. ಅವರ ಬೋಧನಾ ದೃಷ್ಟಿ ಏನಿತ್ತೆಂಬುದನ್ನು ಅವರ ಬದುಕಿನಿಂದ ಮತ್ತು ಅವರ ಶಿಷ್ಯರ ಬದುಕಿನಿಂದಲೇ ಓದಿಕೊಳ್ಳಬೇಕು.

ವಾಡೆಯ ಗುಮಾಸ್ತರ ಮಗ

ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ದೂರದ ಕುಂದಗೋಳ ಇಂದು ಧಾರವಾಡ ಜಿಲ್ಲೆಯ ತಾಲ್ಲೂಕು ಕೇಂದ್ರ. ಸ್ವಾತಂತ್ರ್ಯಪೂರ್ವದಲ್ಲಿ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು; ಸುತ್ತಲೂ ಬ್ರಿಟಿಷರ ಮುಂಬಯಿ ಪ್ರಾಂತ, ನಡುವೆ ನಡುಗಡ್ಡೆಯಂತೆ ಸಂಸ್ಥಾನದ ಈ ತುಂಡು ನೆಲ. ರಾಮಚಂದ್ರ ಅಲ್ಲಿ ಜನಿಸಿದ್ದು 1886ರ ಜನವರಿ 19ರಂದು. ಮನೆತನದ ಮೂಲ ನೆರೆಯ ಸಂಶಿ. ತಂದೆ ಗಣೇಶರಾಯರು ಊರಿನ ಜಮೀನುದಾರರಾದ ನಾಡಗೀರ ರಂಗನಗೌಡರಲ್ಲಿ ಗುಮಾಸ್ತರಾಗಿದ್ದರು. ನಾಡಗೀರರ ವಾಡೆಗೆ ಗವಾಯಿಗಳು ಬರುತ್ತಿದ್ದರು, ತಂಗುತ್ತಿದ್ದರು, ಹಾಡುತ್ತಿದ್ದರು. ಗುಮಾಸ್ತರ ಮಗನಿಗೆ ಆ ವಾಡೆಯ ಪಡಸಾಲೆಯೇ ಮೊದಲ ಶಾಲೆಯಾಯಿತು.

ಹೆಚ್ಚಿನ ಓದಿಗೆಂದು ಹುಡುಗನನ್ನು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಸೇರಿಸಲಾಯಿತಾದರೂ ಓದು ತಲೆಗೆ ಹತ್ತಲಿಲ್ಲ. ಮಗನ ಒಲವನ್ನು ಅರಿತ ತಂದೆ, ಬಲವಂತರಾವ ಕೊಲ್ಹಟಕರ ಎಂಬ ಗಾಯಕರ ಬಳಿ ಪಾಠಕ್ಕೆ ಹಚ್ಚಿದರು. ಅಲ್ಲಿ ರಾಮಚಂದ್ರ ಹತ್ತಾರು ಧ್ರುಪದಗಳನ್ನು, ತರಾನಾಗಳನ್ನು, ಇನ್ನಿತರ ಚೀಜುಗಳನ್ನು ಕಲಿತ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕಿರಾಣಾ ಘರಾಣೆಯ ಉಸ್ತಾದರ ಎದುರು ಕುಳಿತುಕೊಳ್ಳುವ ಹೊತ್ತಿಗೆ ಈ ಹುಡುಗನ ಬಳಿ ಹಾಡುಗಳ ದೊಡ್ಡ ಗಂಟೇ ಇತ್ತು. ಇಲ್ಲದಿದ್ದುದು ಬೇರೆಯದೇ.

ಎಂಟು ವರ್ಷಗಳ ಕರಾರು

ಉತ್ತರ ಭಾರತದ ಕಿರಾಣಾದಲ್ಲಿ 1872ರಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅವರು ಕುಂದಗೋಳದ ನಾಡಗೀರ ವಾಡೆಗೂ ಬಂದರು. ಅವರ ಕಂಠದಿಂದ ಭೈರವಿಯ ಒಂದು ಠುಮರಿ ಕೇಳಿದ ರಾಮಚಂದ್ರ, ಕಲಿತರೆ ಇವರಲ್ಲಿಯೇ ಎಂದು ನಿಶ್ಚಯಿಸಿದನಂತೆ. ಉಸ್ತಾದರು ಒಪ್ಪಿದರು. ಆದರೆ ಒಂದು ಷರತ್ತು ಇತ್ತು: ಹುಡುಗ ಎಂಟು ವರ್ಷ ತಮ್ಮೊಡನೆಯೇ ಇರಬೇಕು.

ಎಂಟು ವರ್ಷ! ಇಂದಿನ ಓದುಗರಿಗೆ ಇದು ಜೀತದಂತೆ ತೋರೀತು. ಮೊದಲಾರು ತಿಂಗಳಲ್ಲಿ ಓಡಿಹೋಗುವ ಹುಡುಗರನ್ನು ಸಾಕಷ್ಟು ಕಂಡಿದ್ದ ಉಸ್ತಾದರಿಗೆ ಅದು ವ್ಯವಹಾರದ ಮಾತಾಗಿದ್ದಿರಬಹುದು. ಅದೇನೇ ಇರಲಿ, ಆ ಎಂಟು ವರ್ಷಗಳ ಒಳಗೆ ನಡೆದ ಪಾಠದ ಕ್ರಮ ಮುಖ್ಯವಾದುದು. ಖಾನರ ನಂಬಿಕೆ ಸರಳವಾಗಿತ್ತು. ನೂರು ರಾಗಗಳನ್ನು ಮೇಲುಮೇಲಕ್ಕೆ ಕಲಿಯುವುದರಿಂದ ಗಾಯಕ ಆಗುವುದಿಲ್ಲ. ಕೆಲವೇ ರಾಗಗಳನ್ನು ಬೇರುಮಟ್ಟ ಅರಗಿಸಿಕೊಂಡರೆ ಉಳಿದವು ತಾವಾಗಿ ದಾರಿ ಬಿಡುತ್ತವೆ. ಬೆಳಿಗ್ಗೆಗೆ ತೋಡಿ, ಮಧ್ಯಾಹ್ನ ಕಳೆದ ಮೇಲೆ ಮುಲ್ತಾನಿ, ಸಂಜೆಗೆ ಪೂರಿಯಾ. ಈ ಮೂರು ರಾಗಗಳ ಸುತ್ತಲೇ ವರ್ಷಗಟ್ಟಲೆ ತಾಲೀಮು ನಡೆಯಿತೆಂಬುದು ಕಿರಾಣಾ ವಲಯದಲ್ಲಿ ಪ್ರಚಲಿತ. ಕೊಲ್ಹಟಕರರಲ್ಲಿ ಕೂಡಿಸಿಟ್ಟಿದ್ದ ಹಾಡುಗಳ ಗಂಟನ್ನು ಬದಿಗಿಟ್ಟು, ಒಂದೊಂದು ಸ್ವರವನ್ನು ಹೊಸದಾಗಿ ಹಚ್ಚುವ ಕೆಲಸ ಅದು.

ಇನ್ನೊಂದು ತೊಡಕೂ ಇತ್ತು. ರಾಮಚಂದ್ರನ ಕಂಠ ಸುಲಭದ ಕಂಠವಲ್ಲ. ಖಾನರ ದನಿ ತಂತಿ ಮೀಟಿದಷ್ಟು ಸಲೀಸಾಗಿ ಸ್ವರಕ್ಕೆ ಹೋಗಿ ಕೂಡುತ್ತಿತ್ತು; ಶಿಷ್ಯನದು ಒರಟು, ಹಟಮಾರಿ. ಮುಂದೆ ಪ್ರಸಿದ್ಧರಾದ ಮೇಲೂ ಮೈಫಲಿನ ಆರಂಭದಲ್ಲಿ ಅವರ ದನಿ ತೆರೆದುಕೊಳ್ಳಲು ಹೊತ್ತು ಹಿಡಿಯುತ್ತಿತ್ತು, ತೆರೆದುಕೊಂಡ ಮೇಲೆ ಮಾತ್ರ ಸಭೆಯನ್ನು ಕಟ್ಟಿಹಾಕುತ್ತಿತ್ತು ಎಂಬುದನ್ನು ಕೇಳಿದವರು ದಾಖಲಿಸಿದ್ದಾರೆ. ಗುರುವಿನಂತೆ ಹಾಡಬೇಕೆಂದು ಹೊರಟು, ಗುರುವಿನ ಕಂಠ ತನ್ನದಲ್ಲವೆಂದು ಕಂಡುಕೊಂಡು, ತನ್ನ ಕಂಠಕ್ಕೆ ತಕ್ಕ ದಾರಿಯನ್ನು ದುಡಿದು ಮಾಡಿಕೊಂಡವರು ಸವಾಯಿ ಗಂಧರ್ವರು. ಅವರ ಬೋಧನಾ ದೃಷ್ಟಿಗೆ ಬೀಜ ಬಿದ್ದುದು ಇಲ್ಲಿಯೇ ಎಂದು ಈ ವರದಿಗಾರನ ಅನಿಸಿಕೆ. ಜನ್ಮದತ್ತ ಮಧುರ ಕಂಠ ಉಳ್ಳವನಿಗೆ ಕಲಿಕೆಯ ಕಷ್ಟ ಅಷ್ಟಾಗಿ ತಿಳಿಯದು. ಇವರಿಗೆ ಅದರ ಪ್ರತಿ ಮೆಟ್ಟಿಲೂ ಗೊತ್ತಿತ್ತು.

ಗುರುವಿಗೆ ಒಪ್ಪದ ದಾರಿ

ಬಳಿಕ ರಾಮಚಂದ್ರ ಮರಾಠಿ ಸಂಗೀತ ನಾಟಕದತ್ತ ಹೊರಳಿದರು. ನಾಟಕದ ಹಾಡಿನಿಂದ ಕಂಠ ಕೆಡುತ್ತದೆ ಎಂದಿದ್ದ ಉಸ್ತಾದರಿಗೆ ಇದು ರುಚಿಸಲಿಲ್ಲ. ಆದರೆ ಹುಬ್ಬಳ್ಳಿ, ಬೆಳಗಾವಿ, ಪುಣೆ, ಮುಂಬಯಿಗಳ ರಂಗಭೂಮಿ ಆಗ ಗಾಯಕರಿಗೆ ಅನ್ನ ಕೊಡುತ್ತಿದ್ದ ಕ್ಷೇತ್ರ. ಹೆಂಗಸರು ರಂಗವೇರದ ಆ ದಿನಗಳಲ್ಲಿ ಅವರು ಸ್ತ್ರೀ ಪಾತ್ರಗಳನ್ನು ವಹಿಸಿ ಹಾಡಿದರು, ಮನೆಮಾತಾದರು. ಬಾಲಗಂಧರ್ವರ ಹೆಸರು ಮರಾಠಿ ನಾಡಿನಲ್ಲಿ ಮೊಳಗುತ್ತಿದ್ದ ಕಾಲ ಅದು. ಅವರಿಗಿಂತ ಕಾಲು ಪಾಲು ಹೆಚ್ಚು ಎಂಬರ್ಥದಲ್ಲಿ ರಸಿಕರು ಇವರಿಗೆ ಸವಾಯಿ ಗಂಧರ್ವ ಎಂಬ ಬಿರುದನ್ನಿತ್ತರು. ಸವಾಯಿ ಎಂದರೆ ಒಂದೂಕಾಲು. ಕುಂದಗೋಳದ ಕನ್ನಡಿಗನೊಬ್ಬ ಮರಾಠಿ ರಂಗಭೂಮಿಯಲ್ಲಿ ಇಂತಹ ಬಿರುದು ಪಡೆದದ್ದು ಸಣ್ಣ ಮಾತಲ್ಲ.

ರಂಗಭೂಮಿಯ ಈ ದೀರ್ಘ ಅಧ್ಯಾಯವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1931ರಲ್ಲಿ ಮಾತನಾಡುವ ಚಿತ್ರಗಳು ಬಂದವು. ನಾಟಕ ಕಂಪನಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಸವಾಯಿ ಗಂಧರ್ವರು ಬಣ್ಣ ಕಳಚಿ ಮತ್ತೆ ಮೈಫಲಿಗೆ, ಕೊನೆಗೆ ಕುಂದಗೋಳದ ಮನೆಗೆ ಮರಳಿದರು. ಗುರುವಿನ ಮಾತು ಮೀರಿ ನಡೆದ ಶಿಷ್ಯ ತಾನೇ ಗುರುವಾಗಿ ಕುಳಿತಾಗ, ಗುರು ಹಾಕಿಕೊಟ್ಟ ಪಾಠಕ್ರಮವನ್ನು ಬಿಡಲಿಲ್ಲ. ಆದರೆ ಶಿಷ್ಯರು ಇಂತಹ ದಾರಿಯಲ್ಲಿಯೇ ಹೋಗಬೇಕೆಂದು ಕಟ್ಟಿಹಾಕಲೂ ಇಲ್ಲ.

ಅರವತ್ತು ಚೀಜಿನಿಂದ ನಾಲ್ಕು ಸ್ವರಕ್ಕೆ

ಗಂಗೂಬಾಯಿಯವರು ಕುಂದಗೋಳಕ್ಕೆ ನಿಯಮಿತವಾಗಿ ಹೋಗಲಾರಂಭಿಸಿದ್ದು 1937-38ರ ಸುಮಾರಿಗೆ. ಆಗ ಅವರು ಹರೆಯದ ವಿದ್ಯಾರ್ಥಿನಿಯಲ್ಲ. ಇಪ್ಪತ್ತೈದರ ಆಸುಪಾಸಿನ ಗೃಹಿಣಿ, ಮಕ್ಕಳ ತಾಯಿ, ಧ್ವನಿಮುದ್ರಿಕೆಗಳಿಂದ ಹೆಸರು ಮಾಡಿದ ಗಾಯಕಿ. ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ ಹೊರಬಂದ ಅವರ ಮೊದಲ ತಟ್ಟೆಗಳಲ್ಲಿರುವುದು ತೆಳುವಾದ, ಎತ್ತರದ ದನಿ. ಸಂಸಾರದ ಹೊಣೆಯ ಬಹುಪಾಲು ಅವರ ಹಾಡಿನ ಮೇಲೆಯೇ ಇತ್ತು. ಮತ್ತೆ ಒಂದನೆಯ ಇಯತ್ತೆಯ ಮಗುವಿನಂತೆ ಷಡ್ಜದಿಂದ ಆರಂಭಿಸುವುದೆಂದರೆ ಅಂತಹವರಿಗೆ ಏನೆಂಬುದನ್ನು ಊಹಿಸಬೇಕು.

ಅವರು 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಜನಿಸಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ನುರಿತ ಗಾಯಕಿ; ಅಬ್ದುಲ್ ಕರೀಂ ಖಾನರು ಆಕೆಯ ಹಾಡುಗಾರಿಕೆ ಕೇಳಲು ಶುಕ್ರವಾರಪೇಟೆಯ ಮನೆಗೆ ಬರುತ್ತಿದ್ದುದುಂಟು. ಮಗಳಿಗೆ ಹಿಂದೂಸ್ತಾನಿ ಒಲಿಯುತ್ತಿದೆ ಎಂದು ಕಂಡಾಗ ಆ ತಾಯಿ, ಮಗಳ ಕಿವಿಯಲ್ಲಿ ಎರಡು ಪದ್ಧತಿಗಳು ಕಲೆಯಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಮಗಳ ಕಲಿಕೆಗಾಗಿಯೇ 1928ರಲ್ಲಿ ಸಂಸಾರ ಹುಬ್ಬಳ್ಳಿಗೆ ಬಂತು. ಕೃಷ್ಣಾಚಾರ್ಯ ಹುಲಗೂರ, ದತ್ತೋಪಂತ ದೇಸಾಯಿ ಅವರಿಂದ ಗಂಗೂಬಾಯಿ ಸುಮಾರು 60 ಚೀಜುಗಳನ್ನು ಕಲಿತರು. 1932ರಲ್ಲಿ ತಾಯಿ ತೀರಿಕೊಂಡರು.

ಅರವತ್ತು ಚೀಜು ಬಲ್ಲವಳಿಗೆ ಕುಂದಗೋಳದ ಗುರು ಕೊಟ್ಟದ್ದು ನಾಲ್ಕೈದು ಸ್ವರಗಳ ಒಂದು ಪಲಟಾ. ಅದನ್ನೇ ಹಾಡಬೇಕು. ನಾಳೆಯೂ ಅದನ್ನೇ. ತೃಪ್ತಿಯಾಗುವವರೆಗೆ ಮುಂದಿನದು ಇಲ್ಲ. ಬೇಸರ ಬರುತ್ತಿತ್ತೆಂಬುದನ್ನು ಗಂಗೂಬಾಯಿ ಮುಂದೆ ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಜಿಪುಣನೊಬ್ಬ ಹಣವನ್ನು ಬಿಚ್ಚುವಂತೆ ಸ್ವರಗಳನ್ನು ಒಂದೊಂದಾಗಿ, ಲೆಕ್ಕವಿಟ್ಟು ಬಿಚ್ಚಬೇಕೆಂದು ಗುರು ಕಲಿಸಿದರೆಂದು ಅವರು ಹಲವು ಬಾರಿ ನೆನಪಿಸಿಕೊಂಡದ್ದುಂಟು. ಕಿರಾಣಾ ಗಾಯನದ ಹೃದಯವೇ ಇದು. ವಿಲಂಬಿತ ಖಯಾಲಿನಲ್ಲಿ ಗಾಯಕ ಮಂದ್ರದಿಂದ ಹೊರಟು ಒಂದೊಂದೇ ಸ್ವರವನ್ನು ಮುಟ್ಟಿ, ನಿಂತು, ಸುತ್ತಲಿನ ಸ್ವರಗಳೊಡನೆ ಅದರ ನಂಟನ್ನು ತೋರಿಸಿ ಮೇಲಕ್ಕೆ ಹೋಗುತ್ತಾನೆ. ಮೇಲಿನ ಷಡ್ಜ ತಲುಪಲು ಕಾಲು ಗಂಟೆಯೂ ಹಿಡಿಯಬಹುದು. ಸ್ವರದ ಮೇಲೆ ನಿಲ್ಲಲು ಬಾರದವನಿಗೆ ಈ ಪದ್ಧತಿಯಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ.

ಪಾಠ ನಡೆಯುತ್ತಿದ್ದುದು ಬಾಯಿಂದ ಬಾಯಿಗೆ. ಗುರು ಹಾಡಿದ್ದನ್ನು ಶಿಷ್ಯ ಹಾಡಬೇಕು. ತಪ್ಪಿದರೆ ಗುರು ವಿವರಿಸುವುದಿಲ್ಲ, ಮತ್ತೊಮ್ಮೆ ಹಾಡುತ್ತಾರೆ. ಕಿವಿಯೇ ತಪ್ಪನ್ನು ಕಂಡುಹಿಡಿಯಬೇಕು. ಬರೆದುಕೊಂಡು ಹೋಗಿ ಮನೆಯಲ್ಲಿ ನೋಡಿಕೊಳ್ಳುವ ಅನುಕೂಲವಿಲ್ಲ.

ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ, ಪಾಠ ಮುಗಿಸಿಕೊಂಡು ರೈಲಿನಲ್ಲಿಯೇ ಮರಳುತ್ತಿದ್ದರು. ಗಾನವೃತ್ತಿಯ ಮನೆತನದ ಹೆಣ್ಣುಮಗಳು ಒಬ್ಬಳೇ ಓಡಾಡುವುದನ್ನು ಊರು ಹೇಗೆ ನೋಡುತ್ತಿತ್ತು, ಏನೆಲ್ಲ ಆಡಿಕೊಳ್ಳುತ್ತಿತ್ತು ಎಂಬುದು ಅವರ ಆತ್ಮಕಥನ ಓದಿದವರಿಗೆ ಗೊತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಬಾಲೆಗೆ ಆ ದಿನ ಕಾಡಿದ್ದು ಹಾಡಿನ ಭಯವಲ್ಲ, ತನ್ನ ಜಾತಿಯ ಕಾರಣದಿಂದ ಎಲೆ ಎತ್ತಲು ಹೇಳಿಯಾರೋ ಎಂಬ ಭಯ. ಅಂತಹ ಕಾಲದಲ್ಲಿ ಮುಸ್ಲಿಂ ಉಸ್ತಾದರ ಬಳಿ ಕಲಿತ ಬ್ರಾಹ್ಮಣ ಗುರುವೊಬ್ಬರು ಈ ಹೆಣ್ಣುಮಗಳಿಗೂ, ಪಾರಸಿ ದಸ್ತೂರರಿಗೂ, ಯಲಿವಾಳದ ಲಿಂಗಾಯತ ಯುವಕ ರಾಜಗುರುವಿಗೂ ಒಂದೇ ವಿದ್ಯೆಯನ್ನು ಧಾರೆಯೆರೆದರು. ಸವಾಯಿ ಗಂಧರ್ವರನ್ನು ಸಮಾಜ ಸುಧಾರಕರೆಂದು ಕರೆದರೆ ಅದು ಉತ್ಪ್ರೇಕ್ಷೆಯಾದೀತು. ಅವರು ಅಂತಹ ಭಾಷಣ ಮಾಡಿದವರಲ್ಲ. ತಾನು ಪಡೆದದ್ದು ಮತಭೇದವಿಲ್ಲದೆ ಬಂದದ್ದು, ಕೊಡುವಾಗ ಭೇದವೆಣಿಸುವುದೆಂತು ಎಂಬ ಸರಳ ನ್ಯಾಯ ಅವರ ನಡೆಯಲ್ಲಿ ಕಾಣುತ್ತದೆ.

ಜಲಂಧರದಿಂದ ಕುಂದಗೋಳಕ್ಕೆ

ಭೀಮಸೇನ ಜೋಶಿಯವರ ಕತೆ ಇನ್ನೂ ಸ್ವಾರಸ್ಯಕರ. 1922ರ ಫೆಬ್ರವರಿ 4ರಂದು ಹುಟ್ಟಿದ, ಗದುಗಿನಲ್ಲಿ ಬೆಳೆದ ಶಿಕ್ಷಕರ ಮಗ, ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆ ಕೇಳಿ ಹುಚ್ಚನಾಗಿ 1933ರಲ್ಲಿ ಮನೆ ಬಿಟ್ಟ. ವಯಸ್ಸು ಹನ್ನೊಂದು. ಗುರುವನ್ನು ಹುಡುಕುತ್ತ ಗ್ವಾಲಿಯರ್, ದೆಹಲಿ ದಾಟಿ ಪಂಜಾಬಿನ ಜಲಂಧರದವರೆಗೆ ಹೋದ. ಅಲ್ಲಿ ಭೇಟಿಯಾದ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಮಗ್ಗುಲಲ್ಲೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆ ಎಂಬರ್ಥದಲ್ಲಿ ತಿಳಿಹೇಳಿ ಹುಡುಗನನ್ನು ಊರಿನತ್ತ ತಿರುಗಿಸಿದರು.

ಈ ಸಲಹೆ ಕೊಟ್ಟವರು ಯಾರೆಂಬುದು ಮುಖ್ಯ. ಪಟವರ್ಧನರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಸ್ಥಾಪಿಸಿ ಸಂಗೀತವನ್ನು ತರಗತಿ, ಪಠ್ಯಕ್ರಮ, ಪರೀಕ್ಷೆಗಳ ಚೌಕಟ್ಟಿಗೆ ತಂದವರು ಪಲುಸ್ಕರರು. ಅತ್ತ ಭಾತಖಂಡೆಯವರು ರಾಗಗಳನ್ನು ವರ್ಗೀಕರಿಸಿ ಸ್ವರಲಿಪಿಯಲ್ಲಿ ಮುದ್ರಿಸುತ್ತಿದ್ದರು. ಸ್ವತಃ ಅಬ್ದುಲ್ ಕರೀಂ ಖಾನರೂ ಆರ್ಯ ಸಂಗೀತ ವಿದ್ಯಾಲಯವನ್ನು ನಡೆಸಿದವರೇ. ಸಂಗೀತ ಶಿಕ್ಷಣ ಮನೆಯಿಂದ ಶಾಲೆಗೆ ಹೊರಟಿದ್ದ ಆ ಕಾಲದಲ್ಲಿ ಶಾಲಾ ಪರಂಪರೆಯ ಹಿರಿಯರೊಬ್ಬರು ಈ ಹುಡುಗನಿಗೆ ತಕ್ಕುದು ಶಾಲೆಯಲ್ಲ, ಕುಂದಗೋಳದ ಮನೆ ಎಂದು ಗುರುತಿಸಿದರು. ಸವಾಯಿ ಗಂಧರ್ವರ ಬಗ್ಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇರೊಂದಿರಲಾರದು.

1936ರಲ್ಲಿ ಭೀಮಸೇನ ಕುಂದಗೋಳ ಸೇರಿದ. ಮೊದಲ ದಿನಗಳಲ್ಲಿ ಪಾಠಕ್ಕಿಂತ ಮನೆಗೆಲಸವೇ ಹೆಚ್ಚು. ದೂರದಿಂದ ಕೊಡ ಹೊತ್ತು ನೀರು ತುಂಬಬೇಕು. ಹುಡುಗನ ಹಟ ಗಟ್ಟಿಯೋ ಪೊಳ್ಳೋ ಎಂದು ಗುರು ಒರೆಗೆ ಹಚ್ಚುತ್ತಿದ್ದರೆಂದು ಇದನ್ನು ವಿವರಿಸುವುದು ವಾಡಿಕೆ. ಮನೆ ಬಿಟ್ಟು ಊರೂರು ಅಲೆದ ಹುಡುಗನ ವಿಷಯದಲ್ಲಿ ಆ ಒರೆಗೆ ಅರ್ಥವಿದ್ದೀತು. ಆದರೆ ನೀರು ಹೊತ್ತದ್ದರಿಂದಲೇ ಭೀಮಸೇನ ಮಹಾಗಾಯಕನಾದ ಎಂಬಂತೆ ಈ ಪ್ರಸಂಗವನ್ನು ಕೊಂಡಾಡುವುದು ಸರಿಯಲ್ಲ. ಗುರುಗಳ ಮನೆಯಲ್ಲಿ ವರ್ಷಗಟ್ಟಲೆ ನೀರು ಹೊತ್ತೂ ಏನೂ ದಕ್ಕದೆ ಮರಳಿದ ಹುಡುಗರು ಈ ನಾಡಿನಲ್ಲಿ ಎಷ್ಟು ಮಂದಿಯೋ. ಅವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಕುಂದಗೋಳದಲ್ಲಿ ವ್ಯತ್ಯಾಸವಾದದ್ದು ನೀರಿನ ಕೊಡದಿಂದಲ್ಲ, ಆ ಬಳಿಕ ಪಾಠ ಬಂದದ್ದರಿಂದ.

ಬಂದ ಪಾಠವಾದರೂ ಯಾವುದು? ತೋಡಿ, ಮುಲ್ತಾನಿ, ಪೂರಿಯಾ. ಉಸ್ತಾದರು ರಾಮಚಂದ್ರನಿಗೆ ಕೊಟ್ಟ ಅದೇ ಮೂರು ರಾಗಗಳು. ನಸುಕಿನಲ್ಲಿ ಎದ್ದು ಮಂದ್ರ ಸಪ್ತಕದ ಸ್ವರಗಳ ಮೇಲೆ ದನಿ ನಿಲ್ಲಿಸುವ ಖರಜದ ಅಭ್ಯಾಸ, ಹಗಲು ಪಲಟಾಗಳು, ಸಂಜೆ ಮತ್ತೆ ರಾಗ. ಹೀಗೆ ನಾಲ್ಕೈದು ವರ್ಷ ನಡೆಯಿತು.

ಅದೇ ಮನೆಗೆ ಹುಬ್ಬಳ್ಳಿಯಿಂದ ಬರುತ್ತಿದ್ದ ಗಂಗೂಬಾಯಿ ಭೀಮಸೇನನಿಗೆ ಅಕ್ಕನಾದರು. ಪಾಠ ಮುಗಿದ ಮೇಲೆ ಆಕೆಯನ್ನು ರೈಲು ನಿಲ್ದಾಣಕ್ಕೆ ಕಳಿಸಿಬರುವ ಕೆಲಸ ಹುಡುಗನದು. ದಾರಿಯುದ್ದಕ್ಕೂ ಆತ ಈ ದಿನ ಗುರುಗಳು ಏನು ಹೇಳಿಕೊಟ್ಟರು ಎಂದು ಕೇಳುತ್ತಿದ್ದ, ಅಕ್ಕ ಹೇಳುತ್ತಿದ್ದರು. ಹೀಗೆ ಒಂದು ಪಾಠ ಎರಡು ಪಾಠವಾಗುತ್ತಿತ್ತು. ಶಿಷ್ಯರು ಒಬ್ಬರಿಂದೊಬ್ಬರು ಕದ್ದು ಕಲಿಯುತ್ತಾರೆ ಎಂದು ಬಾಗಿಲು ಹಾಕಿ ಪಾಠ ಹೇಳುತ್ತಿದ್ದ ಗುರುಗಳಿದ್ದ ಕಾಲದಲ್ಲಿ ಕುಂದಗೋಳದ ನಿಲ್ದಾಣದ ದಾರಿ ತೆರೆದೇ ಇತ್ತು ಎಂಬುದು ಗಮನಾರ್ಹ.

ದನಿ ಬದಲಾದಾಗ

ಇಲ್ಲಿಯವರೆಗೆ ಕಂಡದ್ದು ಎಲ್ಲರಿಗೂ ಒಂದೇ ಪಾಠ. ಸವಾಯಿ ಗಂಧರ್ವರ ವೈಶಿಷ್ಟ್ಯ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸ್ವರ ಪಳಗಿದ ಮೇಲೆ ಅದನ್ನು ಯಾವ ದನಿಯಲ್ಲಿ, ಯಾವ ಮನೋಧರ್ಮದಲ್ಲಿ ಹಾಡಬೇಕೆಂಬುದನ್ನು ಅವರು ಶಿಷ್ಯರಿಗೇ ಬಿಟ್ಟರು.

ಗಂಗೂಬಾಯಿಯವರಿಗೆ ಗಂಟಲಿನ ಚಿಕಿತ್ಸೆಯಾದ ಬಳಿಕ ದನಿ ಗಡುಸಾಯಿತು. ತೆಳುದನಿಯ ಗಾಂಧಾರಿ ಹಾನಗಲ್ ಮರೆಯಾದಳು. ಗಾಯನವನ್ನೇ ನೆಚ್ಚಿದ ಹೆಣ್ಣಿಗೆ ಇದು ಬದುಕು ಮುಗಿದಂತೆಯೇ ತೋರಬಹುದಾದ ಆಘಾತ. ಆಗ ಕೈಹಿಡಿದದ್ದು ಕುಂದಗೋಳದ ಪಾಠ. ಚೀಜುಗಳ ಸಂಗ್ರಹವನ್ನು, ದನಿಯ ಇಂಪನ್ನು ನೆಚ್ಚಿದವರಿಗೆ ದನಿ ಹೋದರೆ ಎಲ್ಲವೂ ಹೋಯಿತು. ಸ್ವರದ ಮೇಲೆ ನಿಲ್ಲುವುದನ್ನು ಕಲಿತವರಿಗೆ ಯಾವ ದನಿಯಾದರೂ ಸೈ. ಗಂಗೂಬಾಯಿ ಹೊಸ ದನಿಯನ್ನು ಮರೆಮಾಚಲು ಹೋಗಲಿಲ್ಲ, ಅದರ ತೂಕವನ್ನೇ ಖಯಾಲಿಗೆ ತಂದರು. ಇಂದು ಲೋಕ ನೆನೆಯುವುದು ಆ ಗಡಸು ದನಿಯನ್ನೇ.

ಭೀಮಸೇನರು ಕುಂದಗೋಳ ಬಿಟ್ಟ ಮೇಲೆ ಕೇಸರಬಾಯಿ ಕೇರಕರ, ಅಮೀರ್ ಖಾನ್ ಮೊದಲಾದವರ ಗಾಯನವನ್ನು ಕಿವಿಗೊಟ್ಟು ಕೇಳಿ, ಒಪ್ಪಿದ್ದನ್ನು ತಮ್ಮದಾಗಿಸಿಕೊಂಡರು. ಘರಾಣೆಯ ಗೆರೆ ದಾಟಿದ್ದಕ್ಕೆ ಆಕ್ಷೇಪಿಸಿದವರೂ ಇದ್ದರು. ಪಂಚಾಕ್ಷರಿ ಗವಾಯಿಗಳ ಶಿಷ್ಯರಾಗಿದ್ದ ರಾಜಗುರು ಅವರಂತೂ ಹಲವು ಗುರುಗಳನ್ನು ಅರಸಿ ಹೋದವರು. ಸವಾಯಿ ಗಂಧರ್ವರು ಅವರಲ್ಲೊಬ್ಬರು. ಅಬ್ದುಲ್ ಕರೀಂ ಖಾನರ ನೆರಳಿನಲ್ಲಿ ಕೊನೆಯವರೆಗೂ ನಿಷ್ಠೆಯಿಂದ ನಡೆದವರು ಮುಂಬಯಿಯಲ್ಲಿ ಪಾಠ ಹೇಳಿಸಿಕೊಂಡ ದಸ್ತೂರರು. ಗೆರೆ ದಾಟಿದ ಶಿಷ್ಯನಿಗೂ ಗೆರೆಯೊಳಗೇ ಉಳಿದ ಶಿಷ್ಯನಿಗೂ ಈ ಗುರುವಿನ ಮನೆಯಲ್ಲಿ ಸ್ಥಾನವಿತ್ತು.

ಈ ಕ್ರಮದಲ್ಲಿ ನಷ್ಟವೂ ಇದೆ, ಅದನ್ನು ಹೇಳದಿದ್ದರೆ ಚಿತ್ರ ಪೂರ್ಣವಾಗದು. ಬರವಣಿಗೆ ಇಲ್ಲದ ಪಾಠ ಗುರುವಿನೊಡನೆಯೇ ಮುಗಿಯುತ್ತದೆ. ಸವಾಯಿ ಗಂಧರ್ವರ ಧ್ವನಿಮುದ್ರಿಕೆಗಳು ಬೆರಳೆಣಿಕೆಯಷ್ಟು, ಅವೂ ಮೂರು ನಾಲ್ಕು ನಿಮಿಷದ ತಟ್ಟೆಗಳು. ರಾತ್ರಿಯಿಡೀ ಹಾಡುತ್ತಿದ್ದವರ ವಿಸ್ತಾರವನ್ನು ಅದರಲ್ಲಿ ಹುಡುಕುವಂತಿಲ್ಲ. ಎಂಟು ವರ್ಷ ಕಾಯಬಲ್ಲ, ಮನೆಯವರು ಕಾಯಲು ಬಿಡುವ ಶಿಷ್ಯರೂ ಎಲ್ಲರಿಗೂ ಸಿಗುವುದಿಲ್ಲ. ನೂರು ಮಕ್ಕಳಿಗೆ ಸಂಗೀತದ ರುಚಿ ಹಚ್ಚಲು ಪಲುಸ್ಕರರ ಶಾಲೆ ಬೇಕಾಗುತ್ತದೆ. ಕುಂದಗೋಳದ ಪಡಸಾಲೆಯಲ್ಲಿ ಅಷ್ಟು ಜನರಿಗೆ ಜಾಗವಿರಲಿಲ್ಲ.

ಹಾಡಲಾಗದ ಗುರು

1937ರ ಅಕ್ಟೋಬರ್ 27ರಂದು ಅಬ್ದುಲ್ ಕರೀಂ ಖಾನರು ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಣ್ಣದೊಂದು ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ, 1940ರ ದಶಕದ ಆರಂಭದಲ್ಲಿ, ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಬಡಿಯಿತು. ಹಟ ಹಿಡಿದು ಪಳಗಿಸಿದ ಕಂಠ ಮೈಫಲಿಗೆ ಒದಗದಾಯಿತು. ಹಾಡುವುದೇ ಪಾಠವಾಗಿದ್ದ ಗುರುವಿಗೆ ಇದು ಎಂತಹ ಶಿಕ್ಷೆ!

1946ರ ಜನವರಿಯಲ್ಲಿ ಪುಣೆಯಲ್ಲಿ ಅವರ ಷಷ್ಟ್ಯಬ್ದಿ ನಡೆಯಿತು. ಹೀರಾಬಾಗಿನ ಆ ಸಮಾರಂಭದಲ್ಲಿ ಇಪ್ಪತ್ಮೂರರ ಭೀಮಸೇನ ಹಾಡಿದರು. ಪುಣೆಯ ರಸಿಕರು ಅವರನ್ನು ಗುರುತಿಸಿದ್ದು ಆ ದಿನವೇ ಎಂದು ಅವರ ಜೀವನಚರಿತ್ರೆಕಾರರು ಬರೆಯುತ್ತಾರೆ. ಕೇಳುತ್ತ ಕುಳಿತ ಗುರುವಿಗೆ ತಾವು ಹಾಡಲಾಗದು. ಎದುರಿಗಿದ್ದ ದನಿ ತಮ್ಮದೂ ಅಲ್ಲ, ತಮ್ಮ ಉಸ್ತಾದರದೂ ಅಲ್ಲ.

1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ಕೊನೆಯುಸಿರೆಳೆದರು. ಮರುವರ್ಷದಿಂದ ಭೀಮಸೇನರು, ಗುರುಗಳ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆ ಮೊದಲಾದವರ ಜೊತೆಗೂಡಿ ಪುಣೆಯಲ್ಲಿ ಸ್ಮರಣೆಯ ಸಂಗೀತೋತ್ಸವ ಆರಂಭಿಸಿದರು. ಅದು ಬೆಳೆದು ದೇಶದ ಅತಿ ದೊಡ್ಡ ಶಾಸ್ತ್ರೀಯ ಸಂಗೀತ ಉತ್ಸವಗಳಲ್ಲಿ ಒಂದಾಗಿದೆ. ಇತ್ತ ಕುಂದಗೋಳದ ನಾಡಗೀರ ವಾಡೆಯಲ್ಲಿಯೂ ಗುರುಸ್ಮರಣೆಯ ಅಹೋರಾತ್ರಿ ಸಂಗೀತ ನಡೆದುಬಂತು. ಗಂಗೂಬಾಯಿ, ಭೀಮಸೇನರಿಬ್ಬರೂ ಗುರುಗಳಿಗೆ ಹಾಡು ಒಲಿದ ಆ ಪಡಸಾಲೆಯಲ್ಲಿ ಹಾಡಿದರು. ಹುಬ್ಬಳ್ಳಿಯ ದೇಶಪಾಂಡೆ ನಗರದ ಸಭಾಭವನಕ್ಕೆ ಸವಾಯಿ ಗಂಧರ್ವರ ಹೆಸರಿದೆ. ಸಮೀಪದ ಉಣಕಲ್‌ನಲ್ಲಿ ಗಂಗೂಬಾಯಿಯವರ ಹೆಸರಿನ ಗುರುಕುಲ ತಲೆಯೆತ್ತಿತು. ಶಿಷ್ಯರು ಗುರುವಿನ ಸನ್ನಿಧಿಯಲ್ಲಿಯೇ ಇದ್ದು ಕಲಿಯಬೇಕೆಂಬುದು ಅದರ ಕಲ್ಪನೆ.

ಭೀಮಸೇನರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಗಂಗೂಬಾಯಿ 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ, ಭೀಮಸೇನರು 2011ರ ಜನವರಿ 24ರಂದು ಪುಣೆಯಲ್ಲಿ ನಿಧನರಾದರು. ದಸ್ತೂರರು 2008ರಲ್ಲಿ, ರಾಜಗುರು 1991ರಲ್ಲಿಯೇ ತೆರಳಿದ್ದರು.

ಪುಣೆಯ ಉತ್ಸವದಲ್ಲಿ ಒಂದು ಸಂಪ್ರದಾಯವಿದೆ. ಹಲವು ದಿನಗಳ ಗಾಯನ ವಾದನಗಳೆಲ್ಲ ಮುಗಿದ ಮೇಲೆ, ಜನ ಏಳುವ ಮುನ್ನ, ಸವಾಯಿ ಗಂಧರ್ವರ ಹಳೆಯ ತಟ್ಟೆಯೊಂದರಿಂದ ಭೈರವಿಯನ್ನು ಕೇಳಿಸಲಾಗುತ್ತದೆ. ಕೆಲವೇ ನಿಮಿಷ, ಹಿನ್ನೆಲೆಯಲ್ಲಿ ತಟ್ಟೆಯ ಸವೆದ ಸದ್ದು. ಭೀಮಸೇನರನ್ನೂ ಗಂಗೂಬಾಯಿಯವರನ್ನೂ ವರ್ಷಾನುವರ್ಷ ಅದೇ ವೇದಿಕೆಯಲ್ಲಿ ಕೇಳಿದ್ದ ಶ್ರೋತೃಗಳಿಗೆ ಆ ದನಿ ಬೇರೆಯೇ ಆಗಿ ಕೇಳಿಸುತ್ತದೆ.